ನರ ಕತ್ತರಿಸಿದರೂ ಹೃದಯ ಬಡಿಯುವುದೇಕೆ?

ಧಾರವಾಡದಲ್ಲಿ ದಾನವಾಗಿ ದೊರೆತ ಹೃದಯವನ್ನು ಬೆಳಗಾವಿಗೆ ಒಯ್ಯಬೇಕೆನ್ನಿ. ಆಂಬುಲೆನ್ಸು ಹೆದ್ದಾರಿಯಲ್ಲಿ ಕಿತ್ತೂರು, ಎಂ.ಕೆ. ಹುಬ್ಬಳ್ಳಿಗಳನ್ನು ಹಾದು ಸಾಗಬೇಕು. ಸಾಮಾನ್ಯವಾಗಿ ಸುಮಾರು 4 ಗಂಟೆಯೊಳಗೆ ಕಸಿ ಮುಗಿಯಬೇಕು. ಶಸ್ತ್ರವೈದ್ಯರು ರಕ್ತನಾಳಗಳನ್ನು ಹೊಲಿಯುತ್ತಾರೆ. ಕತ್ತರಿಸಿದ ನರಗಳನ್ನು ಜೋಡಿಸುವುದಿಲ್ಲ. ಆದರೂ ಹೊಸ ಎದೆಯಲ್ಲಿ ಹೃದಯ ಬಡಿಯುತ್ತದೆ. ಹೇಗೆ?

ಬಡಿತದ ಮೂಲ ಹೃದಯದಲ್ಲೇ ಇದೆ. ಮೇಲಿನ ಮಹಾಭಿಧಮನಿಯು ಬಲ ಹೃತ್ಕರ್ಣವನ್ನು ಸೇರುವೆಡೆ ಎಸ್.ಎ. ಗಂಟು ಎಂಬ ವಿಶೇಷ ಸ್ನಾಯುಕೋಶಗಳ ಗುಂಪಿದೆ. ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ಇದನ್ನು ವಿವರಿಸಿದರು. ಇದು ತಾನಾಗಿಯೇ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಸಂಕೇತವು ಹೃತ್ಕರ್ಣಗಳಲ್ಲಿ ಹರಡಿ, ಎ.ವಿ. ಗಂಟಿನಲ್ಲಿ ಸುಮಾರು 0.1 ಸೆಕೆಂಡು ತಡೆದು, ಹಿಸ್ ಕಂತೆ ಹಾಗೂ ಪರ್ಕಿಂಜಿ ತಂತುಗಳ ಮೂಲಕ ಹೃತ್ಕುಕ್ಷಿಗಳನ್ನು ತಲುಪುತ್ತದೆ. ಈ ತಡೆಯಿಂದಾಗಿ ಹೃತ್ಕುಕ್ಷಿಗಳು ರಕ್ತ ತುಂಬಿಕೊಂಡ ಮೇಲೆಯೇ ಸಂಕುಚಿಸುತ್ತವೆ.

ಹಾಗಾದರೆ ನರಗಳ ಕೆಲಸವೇನು? ವೇಗದ ನಿಯಂತ್ರಣ. ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ. ಸಿಂಪಥೆಟಿಕ್ ನರಗಳು ಹೆಚ್ಚಿಸುತ್ತವೆ. ಕಸಿಯಾದ ಹೃದಯಕ್ಕೆ ವೇಗಸ್‌ನ ಕಡಿವಾಣವಿಲ್ಲ. ವಿಶ್ರಾಂತಿಯಲ್ಲೂ ಅದು ಸಾಮಾನ್ಯವಾಗಿ ನಿಮಿಷಕ್ಕೆ 90-110 ಬಾರಿ ಬಡಿಯುತ್ತದೆ. ಮೆಟ್ಟಿಲೇರಿದರೆ, ರಕ್ತದಲ್ಲಿ ಅಡ್ರಿನಲಿನ್ ಹೆಚ್ಚುವವರೆಗೆ ಅದರ ವೇಗ ಏರದು. ನೋವಿನ ಸಂದೇಶ ಒಯ್ಯುವ ನರಗಳೂ ಕಡಿದಿರುವುದರಿಂದ ಹೃದಯಾಘಾತವಾದರೂ ಎದೆನೋವು ಕಾಣಿಸದಿರಬಹುದು. ಆದ್ದರಿಂದಲೇ ಅಂಥವರಿಗೆ ನಿಯಮಿತ ತಪಾಸಣೆ ಅನಿವಾರ್ಯ.

ನಿಮ್ಮ ಹೃದಯದ ತುದಿ ಎಲ್ಲಿದೆ? ಎಡ ಎದೆಯಲ್ಲಿ 5 ಮತ್ತು 6ನೆಯ ಪಕ್ಕೆಲುಬುಗಳ ನಡುವೆ, ಮಧ್ಯರೇಖೆಯಿಂದ ಸುಮಾರು 9 ಸೆಂ.ಮೀ. ದೂರದಲ್ಲಿ ಬೆರಳಿಟ್ಟು ನೋಡಿ. ಬಡಿತ ಎಣಿಸಿ. ಮೆಟ್ಟಿಲೇರಿ ಬಂದು ಮತ್ತೆ ಎಣಿಸಿ. ಥಟ್ಟನೆ ಏರಿದ ಆ ವೇಗ ಬಹುಮಟ್ಟಿಗೆ ನಿಮ್ಮ ನರಗಳದೇ ಕೆಲಸ.