ನಿಂತ ಟ್ರೇಲರಿಗೂ ಆರೈಕೆ ಬೇಕು



ಕಬ್ಬಿನ ಹಂಗಾಮು ಮುಗಿಯಿತೆಂದರೆ ನಮ್ಮ ಆಲಮೇಲ ಭಾಗದಲ್ಲಿ ಟ್ರ್ಯಾಕ್ಟರಿಗೆ ನೆರಳು ಸಿಗುತ್ತದೆ. ಅದರ ಟ್ರೇಲರು ಮಾತ್ರ ಹೊಲದ ಬದುವಿಗೋ ಕಣದ ಮೂಲೆಗೋ ಬೀಳುತ್ತದೆ. ಬೇಸಿಗೆಯ ಬಿಸಿಲು, ಮುಂಗಾರು, ಹಿಂಗಾರು ಎಲ್ಲವೂ ಅದರ ಮೇಲೆಯೇ. ನಿಂತ ಗಾಡಿಗೆ ಏನಾದೀತು ಎನ್ನಬೇಡಿರಿ. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಬಿರುಕು ಬಿಟ್ಟ ಟಾಯರು ಮುಂದಿನ ಹಂಗಾಮಿನಲ್ಲಿ ತುಂಬಿದ ಕಬ್ಬಿನೊಡನೆ ರಸ್ತೆಯ ಮೇಲೆ ಒಡೆದರೆ ಹಣವಷ್ಟೇ ಅಲ್ಲ, ಜೀವವೂ ಹೋದೀತು.

ನಿಂತ ಟ್ರೇಲರಿಗೆ ವೈರಿಗಳು ಮೂರು: ನೀರು, ಬಿಸಿಲು, ನೆಲ.

ನೀರು: ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಮೂಲೆಗಳಲ್ಲಿ ಉಳಿದ ರವದಿ ಮತ್ತು ಎರೆಮಣ್ಣು ಮಳೆಯ ತೇವವನ್ನು ದಿನಗಟ್ಟಲೆ ಹಿಡಿದಿಡುತ್ತವೆ. ಚೆಲ್ಲಿದ ಪೊಟ್ಯಾಶ್ ಗೊಬ್ಬರ ಉಪ್ಪಿನ ಜಾತಿಯದು. ಅದರಿಂದ ತುಕ್ಕು ಇನ್ನೂ ಬೇಗ ಬರುತ್ತದೆ. ಆದುದರಿಂದ ಮೊದಲು ಗುಡಿಸಿ, ತೊಳೆದು, ಒಣಗಿಸಿರಿ. ತುಕ್ಕು ಹಿಡಿದಲ್ಲಿ ತಂತಿಯ ಬ್ರಷ್ಷಿನಿಂದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿಯಿರಿ. ಮುಂಭಾಗವನ್ನು ತುಸು ಎತ್ತರಿಸಿ ನಿಲ್ಲಿಸಿದರೆ ನೀರು ಹಿಂದಕ್ಕೆ ಹರಿದು ಹೋಗುತ್ತದೆ.

ತಾಡಪತ್ರಿಯನ್ನು ಚಪ್ಪಟೆಯಾಗಿ ಹಾಸಕೂಡದು. ನೀರು ನಿಂತು, ಜೋತು, ಹರಿಯುತ್ತದೆ. ನಡುವೆ ಉದ್ದಕ್ಕೆ ಬಿದಿರಿನ ಗಳ ಕಟ್ಟಿ, ಎರಡೂ ಕಡೆ ಇಳಿಜಾರಾಗಿ ಹೊದಿಸಿ, ಗಾಳಿಗೆ ಹಾರದಂತೆ ಬಿಗಿಯಿರಿ. ಎರಡೂ ತುದಿಯಲ್ಲಿ ಗಾಳಿಯಾಡಲು ಜಾಗ ಬಿಡಿರಿ. ಇಲ್ಲವಾದರೆ ಒಳಗೇ ತೇವ ಕೂಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ದೋಣಿಯನ್ನು ಟ್ರೇಲರಿನ ಮೇಲೇರಿಸಿ ಇಡುವವರೂ ಹೀಗೆಯೇ ಹೊದಿಸುತ್ತಾರೆ. ಅಲ್ಲಿ ಹಿಮದ ಭಾರ, ಇಲ್ಲಿ ಮಳೆಯ ಭಾರ, ಉಪಾಯ ಒಂದೇ.

ಬಿಸಿಲು: ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ರಬ್ಬರು ಒಣಗಿ ಬಿರಿಯುತ್ತದೆ. ಗಾಲಿಗಳಿಗೆ ಹಳೆಯ ಗೋಣಿಚೀಲ ಹೊದಿಸಿರಿ. ಟಾಯರು ಹೊಳೆಯಲೆಂದು ಎಂಜಿನ್ನಿನ ಹಳೆಯ ಎಣ್ಣೆ ಬಳಿಯಬಾರದು; ಅದು ರಬ್ಬರನ್ನು ಕೆಡಿಸುತ್ತದೆ.

ನೆಲ: ಎರೆ ಭೂಮಿ ಮಳೆಗೆ ಮೆತ್ತಗಾಗಿ ಗಾಲಿ ಹೂತುಕೊಳ್ಳುತ್ತದೆ. ಗರಸಿನ, ಎತ್ತರದ ಜಾಗ ಆರಿಸಿರಿ. ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಗಾಲಿಗಳನ್ನು ನೆಲದಿಂದ ಬಿಡಿಸಿರಿ. ಜಾಕಿನಿಂದ ಎತ್ತುವಾಗ ಉಳಿದ ಗಾಲಿಗಳಿಗೆ ಕಲ್ಲು ಕೊಡಿರಿ, ಯಾರೂ ಕೆಳಗೆ ನುಸುಳಕೂಡದು. ದಿಮ್ಮಿ ಇಲ್ಲದವರು ಗಾಳಿ ಪೂರ್ತಿ ಇಟ್ಟು, ತಿಂಗಳಿಗೊಮ್ಮೆ ಗಾಲಿಯನ್ನು ಕಾಲುಸುತ್ತು ಹೊರಳಿಸಲಿ. ಟಾಯರಿನ ಒಂದೇ ಭಾಗದ ಮೇಲೆ ಭಾರ ಬೀಳುವುದಿಲ್ಲ.

ಭೀಮಾ ದಂಡೆಯವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರದಲ್ಲಿ ಹೊಳೆ ಊರೊಳಗೆ ಬಂದುದನ್ನು ಕಂಡಿದ್ದೀರಿ. ಹೊಳೆಸಾಲಿನ ಹೊಲದಲ್ಲಿ ಟ್ರೇಲರು ಬಿಡಬೇಡಿರಿ. ಗಾಲಿ ಮುಳುಗಿದ್ದರೆ ಎಳೆಯುವ ಮೊದಲೇ ಬೇರಿಂಗು ಬಿಚ್ಚಿಸಿ, ಹಳೆಯ ಗ್ರೀಸು ತೆಗೆದು, ಒರೆಸಿ, ಹೊಸದು ತುಂಬಿಸಿರಿ.

ಈ ಕೆಲಸವನ್ನು ಮಿರಗದ ಮಳೆಗೆ ಮುಂಚೆ ಮುಗಿಸತಕ್ಕದ್ದು. ಮತ್ತೆ ಹೂಡುವ ಮುನ್ನ ಟಾಯರಿನ ಗಾಳಿ, ಗಾಲಿಯ ನಟ್ಟು, ಕೊಂಡಿಯ ಪಿನ್ನು, ಹಿಂದಿನ ಕೆಂಪು ರಿಫ್ಲೆಕ್ಟರು, ಈ ನಾಲ್ಕನ್ನೂ ನೋಡಿರಿ. ಮನೆಯ ಇಬ್ಬರು ಒಂದು ದಿನ ಕೈಹಚ್ಚಿದರೆ ಹಂಗಾಮಿನ ಮೊದಲ ಹೇರು ನಿಶ್ಚಿಂತೆಯಿಂದ ಕಾರಖಾನೆ ಮುಟ್ಟುವುದು.