ಗುಂಡಿಗೆ ಗುರಿ ಕೊಡೋದು ನಳಿಗೆಯ ಗೆರೆ. ಆ ಗೆರೆ ಯಾರ ಕೈಲಿತ್ತು?

ಮಾಣಿಕನಗರದ ದತ್ತ ಜಯಂತಿ ಜಾತ್ರೆಯಲ್ಲಿ ಏರ್‌ಗನ್ ಹಿಡಿದು ಬಲೂನಿಗೆ ಹೊಡೀತಿದ್ದೆ. ಹತ್ತರಲ್ಲಿ ಆರು ತಪ್ಪಿದವು. ಪಕ್ಕದಲ್ಲಿದ್ದ ಹುಡುಗ "ಅಣ್ಣಾ, ಇದರ ನಳಿಗಿ ಸರಿ ಇಲ್ಲ" ಅಂದ. ಆಮೇಲೆ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಯಾರೋ ಒಬ್ಬ ಹಿತ್ತಲಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಬುಲೆಟ್ ಮಾಡ್ತಿದ್ದ. "ಇಷ್ಟ ಸರಳ ಅದ ಏನ್ರಿ?" ಅನ್ನೋದು ಅವನ ಪ್ರಶ್ನೆ.

ಮೊದಲು ನಳಿಗೆ ವಿಷಯ ನೋಡೋಣ. ನುಣುಪಾದ ನಳಿಗೆಯಿಂದ ಹೊರಟ ದುಂಡನೆಯ ಗುಂಡು ಒಳಗೇ ಅತ್ತಿತ್ತ ತಾಗುತ್ತಾ ಬರುತ್ತೆ. ಕೊನೇ ಸಲ ಎಲ್ಲಿ ತಾಗಿತೋ ಅದರ ಮೇಲೆ ಅದು ಹೋಗೋ ದಿಕ್ಕು ನಿಂತಿರುತ್ತೆ. ರೈಫಲ್ ನಳಿಗೆಯೊಳಗೆ ಸುರುಳಿ ಗೆರೆ ಕೊರೆದಿರ್ತಾರೆ. ಗುಂಡು ಆ ಗೆರೆ ಹಿಡಿದು ತಿರುಗುತ್ತಾ ಹೊರಬರುತ್ತೆ. ತಿರುಗೋ ಬುಗುರಿ ಹೇಗೆ ಬೀಳದೆ ನಿಲ್ಲುತ್ತೋ, ಹಾಗೇ ತಿರುಗೋ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಸಾಗುತ್ತೆ.

ಗೆರೆಯನ್ನು ಹಿಡಿಯಬೇಕಾದರೆ ಗುಂಡು ಮೆತ್ತಗಿರಬೇಕು. ಸೀಸ ಅದಕ್ಕೇ ಬಂತು: 327 ಡಿಗ್ರಿಗೆ ಕರಗುತ್ತೆ, ಒತ್ತಿದರೆ ಆಕಾರ ಬದಲಿಸುತ್ತೆ. ಆದರೆ ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ತುರುಕೋದು ನಿಧಾನದ ಕೆಲಸ. 1849ರಲ್ಲಿ ಫ್ರಾನ್ಸಿನ ಮಿನಿಯೆ ಬುಡದಲ್ಲಿ ಟೊಳ್ಳಿರುವ ಗುಂಡು ತಂದ. ಸಡಿಲವಾಗಿ ಒಳಗೆ ಇಳಿಯೋ ಇದು ಮದ್ದು ಸಿಡಿದಾಗ ಹಿಗ್ಗಿ ಗೆರೆಗೆ ಕಚ್ಚಿಕೊಳ್ಳುತ್ತಿತ್ತು. ಜಾತ್ರೆಯ ಏರ್‌ಗನ್ನಿನ ಛರ್ರಾ ಬುಡದಲ್ಲೂ ಅದೇ ಟೊಳ್ಳಿದೆ.

ಮೆತ್ತಗಿರೋದೇ ಸೀಸದ ದೋಷವೂ ಹೌದು. ವೇಗ ಹೆಚ್ಚಾದರೆ ಗೆರೆಗೆ ಸವೆದು ನಳಿಗೆಗೆ ಮೆತ್ತಿಕೊಳ್ಳುತ್ತೆ, ಗುರಿ ಕೆಡುತ್ತೆ. ಅದಕ್ಕೇ ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡಿದರು. ಮುಂದೆ ತಾಮ್ರದ ಹೊದಿಕೆ ಬಂತು.

ಈಗ ರಾಜಕೀಯ. ಮಿನಿಯೆಯ ತತ್ತ್ವದ ಮೇಲೇ ನಿಂತಿದ್ದ ಬಂದೂಕು 1853ರ ಎನ್‌ಫೀಲ್ಡ್. ಅದರ ತೋಟಾಕ್ಕೆ ಹಚ್ಚಿದ ಕೊಬ್ಬಿನ ಸುದ್ದಿ 1857ರ ದಂಗೆಗೆ ಕಿಡಿಯಾಯ್ತು ಅಂತ ಶಾಲೆಯಲ್ಲಿ ಓದಿದ್ದೇವೆ. ನಂತರ ನಡೆದದ್ದನ್ನು ಶಾಲೆಯಲ್ಲಿ ಹೇಳಲಿಲ್ಲ. ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ನೋಡೋಕೆ ಎನ್‌ಫೀಲ್ಡಿನಂತೆಯೇ ಇರೋ, ಆದರೆ ಒಳಗೆ ಗೆರೆಯೇ ಇಲ್ಲದ ಬಂದೂಕು ಕೊಟ್ಟರು. ಗೆರೆ ಇದ್ದದ್ದು ಹೆಚ್ಚಾಗಿ ಗೋರಾ ಸೈನಿಕನ ಕೈಲಿ. ಎಂಜಿನಿಯರಿಂಗ್ ಕಾಲೇಜಲ್ಲಿ ತಂತ್ರಜ್ಞಾನಕ್ಕೆ ಪಕ್ಷ ಇಲ್ಲ ಅಂತಿದ್ದರು. ಇಲ್ಲಿ ಒಂದು ಕೊರೆತದ ಆಳದಲ್ಲೇ ಪಕ್ಷ ಇತ್ತು.

ಸಿಪಾಯಿಗೇ ಹೀಗಾದರೆ ಜನರಿಗೆ? 1857ರಲ್ಲೇ ನಿಶ್ಶಸ್ತ್ರೀಕರಣ ಕಾನೂನು ಬಂತು. ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸಲ್ಲ ಅಂದರು. ಅವರ ಊರು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. 1861ರಲ್ಲಿ ಅದೇ ಸರ್ಕಾರ ನಿಷ್ಠೆಗೆ ಮೆಚ್ಚಿ ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. 1878ರ ಶಸ್ತ್ರ ಕಾಯ್ದೆ ಯುರೋಪಿಯನ್ನರನ್ನು ಹೊರಗಿಟ್ಟಿತು. ಅಂದ್ರೆ ಬಂದೂಕು ಹಕ್ಕಾಗಿರಲಿಲ್ಲ, ಬಹುಮಾನವಾಗಿತ್ತು.

ಹಾಗಂತ ಇವತ್ತು ಹಿತ್ತಲಲ್ಲಿ ಸೀಸ ಕರಗಿಸೋದು ಬಂಡಾಯ ಅಲ್ಲ. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ಅಂದರೆ ಸಿದ್ಧ ತೋಟಾ ಮಾತ್ರ ಅಲ್ಲ. ಅದರ ಬಿಡಿಭಾಗಗಳು, ತಯಾರಿಸೋ ಯಂತ್ರವೂ ಅದರಲ್ಲಿ ಸೇರಿವೆ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಅಮೆರಿಕದವನಿಗೆ ಹವ್ಯಾಸ ಆಗಿದ್ದು ಹುಮನಾಬಾದಿನ ಹುಡುಗನಿಗೆ ಎಫ್‌ಐಆರ್.

ಸೀಸ ವಿಷ ಬೇರೆ. ಅದರ ಹೊಗೆ, ಪುಡಿ ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತೆ. ಮಕ್ಕಳ ಮೆದುಳಿಗೆ ಅದರಿಂದಾಗುವ ಹಾನಿ ವಾಪಸ್ ಸರಿಹೋಗಲ್ಲ. ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

ಕಾನೂನಿನ ಈ ಕಟ್ಟುನಿಟ್ಟು ನನಗೆ ಒಪ್ಪಿಗೆ. ಆದರೆ ಅದು ಎಲ್ಲರಿಗೂ ಒಂದೇ ಇದೆಯಾ ಅಂತ ಕೇಳಬೇಕು. ಕೊಡಗಿನ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಹೊಲಕ್ಕೆ ಹಂದಿ ನುಗ್ಗಿದಾಗ ನಮ್ಮ ಕಡೆಯ ರೈತ ಲೈಸೆನ್ಸಿಗೆ ಅರ್ಜಿ ಹಿಡಿದು ನಿಲ್ಲಬೇಕು. ಈ ವ್ಯತ್ಯಾಸಕ್ಕೆ ಇವತ್ತಿನ ಕಾರಣ ಕೊಡಿ ಅಂತ ಕೇಳೋಣ, 1861ರದ್ದು ಸಾಲದು.

ಹುಡುಗನಿಗೆ ಇಷ್ಟೇ ಹೇಳಿದೆ: "ಸರಳ ಅದ. ಅದಕ್ಕೇ ಅಲ್ಲೇನಪ್ಪಾ, ಸರ್ಕಾರಗಳು ಅದರ ಮ್ಯಾಲೆ ಇಷ್ಟ ಕಣ್ಣಿಟ್ಟಿದ್ದು."