ಜೀಪಿನ ಹೌಸಿಂಗ್ ಬದಲಿಸುವ ಮುನ್ನ ರೇಷಿಯೊ ಎಣಿಸಿ

ಮಳೆಗಾಲದಲ್ಲಿ ಸೇಡಂ, ಚಿತ್ತಾಪುರ ಕಡೆಯ ಎರೆಹೊಲಕ್ಕೆ ಇಳಿದ ಹಳೆಯ ಜೀಪು ಹೂತುಕೊಂಡರೆ ಒಂದು ಗಾಲಿ ಕೆಸರು ಹಾರಿಸುತ್ತ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಡಿಫರೆನ್ಷಿಯಲ್ ಕೆಟ್ಟಿದೆಯೆಂದು ಇದರ ಅರ್ಥವಲ್ಲ, ಅದರ ಗುಣವೇ ಹಾಗೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಹೀಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಪಿನಿಯನ್ ಎಂಬ ಸಣ್ಣ ಗೇರುಗಳು ಬಲವನ್ನು ಮಾತ್ರ ಎರಡೂ ಕಡೆ ಸಮನಾಗಿ ಹಂಚುತ್ತವೆ. ಒಂದು ಗಾಲಿಗೆ ಹಿಡಿತ ತಪ್ಪಿತೆಂದರೆ ಇನ್ನೊಂದಕ್ಕೂ ಬಲ ಸಿಗದು. ಅದಕ್ಕೆಂದೇ ಟ್ರ್ಯಾಕ್ಟರಿಗೆ ಡಿಫರೆನ್ಷಿಯಲ್ ಲಾಕ್ ಪೆಡಲ್ ಕೊಟ್ಟಿರುತ್ತಾರೆ. ಹಳೆಯ ಜೀಪುಗಳಿಗೆ ಅದಿಲ್ಲ.

ಆದ್ದರಿಂದ ಗುಜರಿಯಿಂದ ಬೇರೆ ಮಾದರಿಯ ಹೌಸಿಂಗ್ (ಡಿಫರೆನ್ಷಿಯಲ್, ಆಕ್ಸಲ್‌ಗಳಿರುವ ಕವಚ) ತಂದು ಕೂಡಿಸಿದ ಮಾತ್ರಕ್ಕೆ ಕೆಸರಿನ ಕಷ್ಟ ತಪ್ಪುವುದಿಲ್ಲ. ಬದಲಾಗುವುದು ಮುಖ್ಯವಾಗಿ ರೇಷಿಯೊ.

ರೇಷಿಯೊ ಎಂದರೆ

ಡಿಫರೆನ್ಷಿಯಲ್ಲಿನ ದೊಡ್ಡ ಕ್ರೌನ್ ವೀಲಿನ ಹಲ್ಲುಗಳನ್ನು, ಅದನ್ನು ತಿರುಗಿಸುವ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ರೇಷಿಯೊ. ಮಹೀಂದ್ರಾ 1947ರಿಂದ ಭಾರತಕ್ಕೆ ತಂದ ವಿಲ್ಲೀಸ್ ವಂಶದ ಜೀಪುಗಳಲ್ಲಿ ಪಿನಿಯನ್ನಿಗೆ 8, ಕ್ರೌನಿಗೆ 43 ಹಲ್ಲಿನ ಜೋಡಿ ಪ್ರಸಿದ್ಧ, ಅದು 5.38. ಪಿನಿಯನ್ನಿಗೆ 11, ಕ್ರೌನಿಗೆ 41 ಇದ್ದರೆ 3.73.

ಇದರ ಪರಿಣಾಮ ಲೆಕ್ಕ ಹಾಕುವುದು ಸುಲಭ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1,000 ಮೀಟರ್. ಟೈರಿನ ಸುತ್ತಳತೆ 2.25 ಮೀಟರ್ ಎಂದು ಹಿಡಿದರೆ ಗಾಲಿ ನಿಮಿಷಕ್ಕೆ ಸುಮಾರು 444 ಸುತ್ತು ಹಾಕುತ್ತದೆ. ಟಾಪ್ ಗೇರು ನೇರವಾಗಿದ್ದರೆ, 5.38ರಲ್ಲಿ ಎಂಜಿನ್ ಹೆಚ್ಚುಕಡಿಮೆ 2,400 ಸುತ್ತು ತಿರುಗಬೇಕು, 3.73ರಲ್ಲಿ 1,650 ಸಾಕು. ಡೀಸೆಲ್ ಉಳಿಯಬಹುದು, ಸದ್ದು ತಗ್ಗುತ್ತದೆ. ಆದರೆ ಗಾಲಿಗೆ ಸಿಗುವ ಎಳೆತವೂ ಶೇ. 30ರಷ್ಟು ಇಳಿಯುತ್ತದೆ. ವಾಡಿಯಿಂದ ಕಲಬುರಗಿಗೆ ಡಾಂಬರು ರಸ್ತೆಯಲ್ಲೇ ಓಡುವವರಿಗೆ ಇದು ಲಾಭ. ಶಹಾಬಾದಿನ ಫರ್ಸಿ ಖಣಿಯಿಂದ ಕಲ್ಲು ಹೇರಿಕೊಂಡು ಏರು ಹತ್ತುವವರಿಗೆ ನಷ್ಟ.

ಸ್ಪೀಡೋಮೀಟರ್ ಗೇರ್‌ಬಾಕ್ಸ್ ಕಡೆಯಿಂದ ಓಡುವ ಗಾಡಿಯಲ್ಲಿ ಇನ್ನೊಂದು ಅಪಾಯವಿದೆ. 5.38 ತೆಗೆದು 3.73 ಹಾಕಿದ ಮೇಲೆ ಮುಳ್ಳು 60 ತೋರಿಸುವಾಗ ಗಾಡಿ ನಿಜಕ್ಕೂ 86ರಲ್ಲಿ ಓಡುತ್ತಿರುತ್ತದೆ.

ಬಿಚ್ಚದೆ ಎಣಿಸುವುದು

ಗುಜರಿಯಲ್ಲಿ ಬಿದ್ದ ಹೌಸಿಂಗಿನ ಒಂದು ಬದಿಯ ಹಬ್ ಅಲ್ಲಾಡದಂತೆ ಹಿಡಿಯಿರಿ. ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಆಗ ಪಿನಿಯನ್ ಫ್ಲ್ಯಾಂಜ್ ಎಷ್ಟು ಸುತ್ತು ಹಾಕಿತೋ ಅದೇ ರೇಷಿಯೊ. ಸೀಮೆಸುಣ್ಣದ ಗುರುತು ಹಾಕಿಕೊಂಡರೆ ಲೆಕ್ಕ ತಪ್ಪದು.

ಗಾಡಿಯಲ್ಲೇ ನೋಡುವುದಾದರೆ ಒಂದು ಹಿಂದಿನ ಗಾಲಿಯನ್ನಷ್ಟೇ ಜಾಕಿನಿಂದ ಎತ್ತಿ, ನ್ಯೂಟ್ರಲ್‌ಗೆ ತಂದು, ಹೀಗೆಯೇ ತಿರುಗಿಸಿ ಪ್ರೊಪೆಲರ್ ಶಾಫ್ಟಿನ ಸುತ್ತು ಎಣಿಸಿ. ಅದಕ್ಕೂ ಮೊದಲು ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟಿರಲೇಬೇಕು. ಹಳೆಯ ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯುವುದು ಗಾಲಿಯನ್ನಲ್ಲ, ಪ್ರೊಪೆಲರ್ ಶಾಫ್ಟನ್ನು. ಹಿಂದಿನ ಒಂದು ಗಾಲಿ ಎತ್ತಿದರೆ ಡಿಫರೆನ್ಷಿಯಲ್ ಅದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಗಾಡಿಯನ್ನು ಉರುಳಲು ಬಿಡುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನದನ್ನೂ ಎಣಿಸಿ. ಮುಂದೆ ಹಿಂದೆ ರೇಷಿಯೊ ಬೇರೆಯಾಗಿದ್ದರೆ ಗಟ್ಟಿ ರಸ್ತೆಯಲ್ಲಿ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸು ಅಥವಾ ಜಾಯಿಂಟು ಮುರಿಯಬಹುದು.

ಟೇಪು ಹಿಡಿದು ನೋಡಬೇಕಾದದ್ದು

ಮಾದರಿಯ ಹೆಸರು ನಂಬಬೇಡಿ. ಮಾರುತಿ ಜಿಪ್ಸಿಯ ಹಿಂದಿನ ಗಾಲಿಗಳ ಅಂತರ ಮೊದಲು 1,220 ಮಿ.ಮೀ. ಇತ್ತು, 1993ರಲ್ಲಿ ಬಂದ ಅಗಲ ಟ್ರ್ಯಾಕಿನ ಗಾಡಿಯಲ್ಲಿ 1,310 ಆಯಿತು. ಒಂದೇ ಹೆಸರಿನ ಗಾಡಿಯಲ್ಲೇ 90 ಮಿ.ಮೀ. ವ್ಯತ್ಯಾಸ!

ಆದ್ದರಿಂದ ಒಂದೊಂದಾಗಿ ಅಳೆಯಿರಿ: ಹಬ್‌ನಿಂದ ಹಬ್‌ಗೆ ಅಗಲ, ಸ್ಪ್ರಿಂಗ್ ಪಟ್ಟಿ ಕೂರುವ ಜಾಗಗಳ ನಡುವಿನ ಅಂತರ, ಬೋಲ್ಟುಗಳ ವೃತ್ತ (ಹಳೆಯ ಜೀಪಿಗೆ 5 ಬೋಲ್ಟು, 139.7 ಮಿ.ಮೀ.), ಬ್ರೇಕಿನ ಅಳತೆ. ವಿಲ್ಲೀಸ್ ಮಾದರಿಯಲ್ಲಿ ಹೌಸಿಂಗಿನ ಗುಂಡು ಭಾಗ ಬಲಕ್ಕೆ ಸರಿದಿರುತ್ತದೆ, ಬೇರೆ ಗಾಡಿಗಳಲ್ಲಿ ನಡುವೆ ಇರಬಹುದು. ಅದು ತಪ್ಪಿದರೆ ಪ್ರೊಪೆಲರ್ ಶಾಫ್ಟ್ ಓರೆಯಾಗಿ ಜಾಯಿಂಟು ಬೇಗ ಸವೆಯುತ್ತದೆ. ಆಕ್ಸಲ್ ಶಾಫ್ಟ್ ಮಾತ್ರ ಬದಲಿಸುವುದಿದ್ದರೆ ಉದ್ದದ ಜೊತೆಗೆ ಅದರ ತುದಿಯ ಸ್ಪ್ಲೈನ್ ಹಲ್ಲುಗಳ ಸಂಖ್ಯೆಯೂ ಕೂಡಿಬರಬೇಕು.

ಕ್ರೌನು ಒಂದು ಗಾಡಿಯದು, ಪಿನಿಯನ್ ಇನ್ನೊಂದರದು ಎಂದು ಎಂದೂ ಸೇರಿಸಬೇಡಿ. ಕಾರ್ಖಾನೆಯಲ್ಲಿ ಒಂದಕ್ಕೊಂದು ತೇಯ್ದು ಕೂಡಿಸಿದ ಜೋಡಿ ಅದು. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಅದನ್ನು ಡಯಲ್ ಗೇಜು ಇರುವ ಮಿಸ್ತ್ರಿಯಿಂದಲೇ ಹೊಂದಿಸಬೇಕು. ಸಾಧ್ಯವಾದರೆ ಇಡೀ ಹೌಸಿಂಗನ್ನೇ ಬದಲಿಸುವುದು ಕ್ಷೇಮ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದೇ ಮಾದರಿಯ, ಅದೇ ಅಳತೆಯ ಬಿಡಿಭಾಗ ಹಾಕುವುದು ದುರಸ್ತಿ. ಅಗಲ, ಬ್ರೇಕು ಬದಲಾಗುವ ಕೆಲಸಕ್ಕೆ ಕೈ ಹಾಕುವ ಮುನ್ನ ಕಲಬುರಗಿಯ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಗುಜರಿಯವರಿಂದ ರಸೀದಿ ಪಡೆದಿಟ್ಟುಕೊಳ್ಳಿ.